ಎಂಟು, ಸಪ್ತ, ಆರು

ಮಾರ್ಚ್ ೩, ಸೋಮವಾರ

ಬೈಗುಳವನ್ನೆಲ್ಲ ನನ್ನ ತಲೆಯ ಮೇಲೆ ಸುರಿಯಬೇಡ, ಎಲ್ಲಾದರೂ ಬರೆದಿಡು ಎಂದು ಅಕ್ಕ ಈ ನೋಟುಪುಸ್ತಕ ಕೊಟ್ಟಿದ್ದಾಳೆ. ಬರೆಯುತ್ತೇನೆ. ಬರೆಯಲು ಬೇಕಾದಷ್ಟಿದೆ.

ಮೊದಲನೆಯದು, ಕಿವಿ ಡಾಕ್ಟರು. ಇವತ್ತು ನನ್ನನ್ನು ಹಾರಾಟದಿಂದ ಇಳಿಸಿಬಿಟ್ಟರು. ಬಲಗಿವಿ ಅರ್ಧ ಹೋಗಿದೆಯಂತೆ, ಎಡಗಿವಿಯೂ ಅದೇ ದಾರಿ ಹಿಡಿದಿದೆಯಂತೆ. ಮೂವತ್ತು ವರ್ಷ ಹೆಲಿಕಾಪ್ಟರ್ ಹಾರಿಸಿದವನ ಕಿವಿ ಸಂಗೀತಗಾರನ ಕಿವಿಯ ಹಾಗಿರಬೇಕೆಂದರೆ ಹೇಗೆ? ನಿವೃತ್ತಿಗೆ ಉಳಿದಿರುವುದು ನಾಲ್ಕೇ ತಿಂಗಳು. ಅಷ್ಟು ದಿನ ಕಣ್ಣುಮುಚ್ಚಿಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಿಜ ಹೇಳಬೇಕೆಂದರೆ ನನ್ನ ಕಿವಿಗೇನೂ ಆಗಿಲ್ಲ. ಈಚೆಗೆ ಜನರೆಲ್ಲ ಬಾಯೊಳಗೇ ಗೊಣಗುವುದನ್ನು ಕಲಿತಿದ್ದಾರೆ. ಡಾಕ್ಟರೂ ಗೊಣಗಿದರು. ಅಕ್ಕನಂತೂ ಅಡುಗೆಮನೆಯಲ್ಲಿ ನಿಂತು ಗೋಡೆಗೆ ಮಾತಾಡುತ್ತಾಳೆ, ನಾನು ಉತ್ತರ ಕೊಡಲಿಲ್ಲವೆಂದು ಮುಖ ಊದಿಸಿಕೊಳ್ಳುತ್ತಾಳೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು, ಮಾತು ಹೇಗೆ ಆಡಬೇಕೆಂದು ನಾನು ಕಲಿಸಬೇಕೆ?

ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ, ಒಳಗಿನ ಕೊಳೆ ಕರಗಲು ಒಂದು ಬಾಟಲಿ ಹನಿ ಕೊಟ್ಟಿದ್ದಾರೆ. ಎರಡನ್ನೂ ಡ್ರಾಯರಿಗೆ ಹಾಕಿದ್ದೇನೆ.

ಮಾರ್ಚ್ ೪, ಮಂಗಳವಾರ

ಕಮಾಂಡರ್ ಕರೆಸಿದ. ಹದಿನೈದು ವರ್ಷದ ಹಿಂದೆ ನನ್ನ ಪಕ್ಕದ ಸೀಟಿನಲ್ಲಿ ಕೂತು ಬೆವರುತ್ತಿದ್ದ ಹುಡುಗ. ಈಗ ದೊಡ್ಡ ಮೇಜು, ಎರಡು ಫೋನು. ಈ ತಿಂಗಳ ಮೂವತ್ತೊಂದಕ್ಕೆ ನಮ್ಮ ಸ್ಕ್ವಾಡ್ರನ್ನಿಗೆ ನಲವತ್ತು ವರ್ಷ ತುಂಬುತ್ತದೆ. ನಲವತ್ತು ಪುಟದ ಪುಸ್ತಿಕೆ ಆಗಬೇಕಂತೆ. ಇತಿಹಾಸ ನಾನು ಬರೆಯಬೇಕಂತೆ. ಓದಿದವರ ಮೈ ಜುಂ ಎನ್ನಬೇಕಂತೆ.

ಮೈ ಜುಂ ಎನ್ನಿಸಲು ಇಲ್ಲೇನಿದೆ? ನಮ್ಮದು ತರಬೇತಿ ಸ್ಕ್ವಾಡ್ರನ್. ನಲವತ್ತು ವರ್ಷದಲ್ಲಿ ಒಂದು ಗುಂಡು ಹಾರಿಸಿದ್ದಿಲ್ಲ. ಪೈಲಟ್‌ಗಳನ್ನು ತಯಾರು ಮಾಡುವ ಜಾಗವೂ ಅಲ್ಲ. ಹೆಲಿಕಾಪ್ಟರಿನ ಬಾಗಿಲಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡುವವರನ್ನು ಇಲ್ಲಿ ತಯಾರು ಮಾಡುತ್ತೇವೆ. ಅವರನ್ನು ನಾವು ಬಾಗಿಲಿನವರು ಎನ್ನುತ್ತೇವೆ. ಪೈಲಟ್‌ಗೆ ತನ್ನ ಕೆಳಗೆ ಏನಿದೆಯೆಂದು ಕಾಣುವುದಿಲ್ಲ. ನೆರೆ ಬಂದಾಗ ಮಾಳಿಗೆಯ ಮೇಲೆ ನಿಂತವರನ್ನು ತಂತಿಹಗ್ಗ ಇಳಿಸಿ ಎತ್ತಬೇಕಾದರೆ ಬಾಗಿಲಿನವನು ನೋಡಿ ಹೇಳಬೇಕು, ಪೈಲಟ್ ಕೇಳಿ ನಡೆಸಬೇಕು. ಮರುದಿನ ಪತ್ರಿಕೆಯಲ್ಲಿ ಹೆಲಿಕಾಪ್ಟರಿನ ಫೋಟೊ ಬರುತ್ತದೆ, ಪೈಲಟ್ ಹೆಸರು ಬರುತ್ತದೆ, ಬಾಗಿಲಿನವನ ಬೂಟು ಮಾತ್ರ ಬರುತ್ತದೆ. ಆ ಬೂಟುಗಳ ಇತಿಹಾಸ ಬರೆಯಲು ನಾನೇ ಸಿಕ್ಕಿದೆ.

ಸಮಾಧಾನದ ಮಾತು ಒಂದೇ. ಆ ದಿನ ನನಗೆ ತಪ್ಪಿಲ್ಲದ ಹಾರಾಟದ ಫಲಕ ಕೊಡುತ್ತಾರಂತೆ. ಮೂವತ್ತು ವರ್ಷ, ನನ್ನ ತಪ್ಪಿನಿಂದ ಒಂದು ಅಪಘಾತವೂ ಇಲ್ಲ. ಇಡೀ ಸ್ಕ್ವಾಡ್ರನ್ನಿನಲ್ಲಿ ಇನ್ನೊಬ್ಬರಿಗೆ ಅದು ಸಿಕ್ಕಿಲ್ಲ.

ಮಾರ್ಚ್ ೬, ಗುರುವಾರ

ಹಳೆಯ ಕಾಗದಪತ್ರ ಎಲ್ಲಿವೆ ಎಂದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಗುಮಾಸ್ತೆ ಏನೋ ಗೊಣಗಿದಳು. ಮೂರನೆಯ ಸಲ ಕೇಳಿದ ಮೇಲೆ ಕಿರುಚಿದಳು: ಪಟ್ಟಿ ಕೋಣೆ.

ಪಟ್ಟಿ ಕೋಣೆಯೆಂದರೆ ಸೊಂಟದ ಪಟ್ಟಿ, ಹಗ್ಗ, ಕೊಕ್ಕೆಗಳನ್ನು ತೊಳೆದು ಪರೀಕ್ಷಿಸಿ ನೇತುಹಾಕುವ ಜಾಗ. ಅದನ್ನು ನೋಡಿಕೊಳ್ಳುವವನಿಗೂ ಕೊಕ್ಕೆ ಎಂದೇ ಹೆಸರು ಬಿದ್ದಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾನೆ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಬಾಗಿಲಿನವನಾಗಲು ಬಂದಿದ್ದ, ಆಗಲಿಲ್ಲ. ಅದು ಬೇರೆ ಕಥೆ. ಮುಂದಿನ ತಿಂಗಳು ಅವನೂ ಕೆಲಸ ಬಿಟ್ಟು ಹೋಗುತ್ತಾನೆ.

ಕಾಗದವೆಲ್ಲ ಅವನ ಹತ್ತಿರ ಎಂಟು ತಗಡಿನ ಪೆಟ್ಟಿಗೆಗಳಲ್ಲಿ ಭದ್ರವಾಗಿದೆ. ಆದರೆ ಆ ಮನುಷ್ಯನ ಮರ್ಯಾದೆ ತಡೆಯಲಾಗುವುದಿಲ್ಲ. ಬನ್ನಿ ಸರ್, ಕೂತ್ಕೊಳ್ಳಿ ಸರ್, ಹುಷಾರು ಸರ್, ಅಲ್ಲಿ ಧೂಳಿದೆ ಸರ್. ನನಗೆ ಬೇಕಾದ ಪೆಟ್ಟಿಗೆಯ ಮೇಲೆ ಒಂದು ಬೆಕ್ಕು ಮಲಗಿತ್ತು. ಕಾಲಿನಿಂದ ತಳ್ಳಿದರೆ ಮುಗಿಯುವ ಕೆಲಸ. ಇವನು ಬಗ್ಗಿ ನಿಂತು ಅದರ ಹತ್ತಿರ, "ಏಳಿ ಅಮ್ಮಾ, ಏಳಿ. ಸರ್‌ಗೆ ಆ ಪೆಟ್ಟಿಗೆ ಬೇಕಂತೆ," ಎನ್ನುತ್ತಾನೆ. ಬೆಕ್ಕಿಗೂ ಬಹುವಚನ! ಅದು ಏಳುವವರೆಗೆ ನಾನು ನಿಂತು ಕಾಯಬೇಕಾಯಿತು.

ಮಾರ್ಚ್ ೭, ಶುಕ್ರವಾರ

ಮೊದಲ ಪೆಟ್ಟಿಗೆ ಓದಿ ಮುಗಿಸಿದೆ. ಆರು ಜನ, ಎರಡು ಹಳೆಯ ಹೆಲಿಕಾಪ್ಟರ್, ಮೊದಲು ಗೋದಾಮಾಗಿದ್ದ ಒಂದು ಶೆಡ್ಡು. ಹೆಲಿಕಾಪ್ಟರ್ ಕೆಟ್ಟು ನಿಂತ ದಿನಗಳೇ ಹೆಚ್ಚು. ಅದಕ್ಕೆ ಮೊದಲ ಕಮಾಂಡರು ಒಂದು ಗುಜರಿ ಬಸ್ಸು ತರಿಸಿ ಮುಂದಿನ ಗಾಜಿಗೆ ಕಪ್ಪು ಬಣ್ಣ ಬಳಿಸಿದರಂತೆ. ಡ್ರೈವರಿಗೆ ಏನೂ ಕಾಣಬಾರದು. ಹಿಂದಿನ ಬಾಗಿಲಲ್ಲಿ ಮಲಗಿದ ವಿದ್ಯಾರ್ಥಿ ಹೇಳಿದ ಹಾಗೆ ಓಡಿಸಬೇಕು. ಆ ಬಸ್ಸು ಆರನೆಯ ವರ್ಷ ಊಟದ ಮನೆಯ ಗೋಡೆಯೊಳಗೆ ನುಗ್ಗಿ ನಿವೃತ್ತಿ ಪಡೆಯಿತು. ಡ್ರೈವರು ವರದಿಯಲ್ಲಿ ಬರೆದಿದ್ದಾನೆ: ನನಗೆ ನಿಲ್ಲು ಎಂದು ಯಾರೂ ಹೇಳಲಿಲ್ಲ.

ನಗು ಬಂತು. ಓದಿ ಹೇಳೋಣವೆಂದರೆ ಅಕ್ಕ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಅವಳು ಏನೋ ಕೇಳಿದಳಂತೆ, ನಾನು ಸರಿ ಎಂದೆನಂತೆ. ಯಾವುದಕ್ಕೆ ಸರಿ ಎಂದೆನೋ ನನಗೇ ಗೊತ್ತಿಲ್ಲ.

ಮಾರ್ಚ್ ೧೦, ಸೋಮವಾರ

ಪುಸ್ತಿಕೆಯಲ್ಲಿ ಒಂದು ಪುಟ ಸಪ್ತದ ಬಗ್ಗೆ ಇರಲೇಬೇಕೆಂದು ಕಮಾಂಡರ್ ಚೀಟಿ ಕಳಿಸಿದ್ದಾನೆ.

ನಮ್ಮಲ್ಲಿ ಯಾರೂ ಏಳು ಎಂದು ಎಣಿಸುವುದಿಲ್ಲ. ಎಂಟು, ಸಪ್ತ, ಆರು. ಇಲ್ಲಿ ಕಲಿತವರು ಸಾಯುವವರೆಗೂ ಹಾಗೇ ಎಣಿಸುತ್ತಾರೆ. ತರಕಾರಿ ಅಂಗಡಿಯಲ್ಲಿ ಸಪ್ತ ನಿಂಬೆಹಣ್ಣು ಕೇಳಿದವನನ್ನು ಕಂಡರೆ ನಮ್ಮವನೆಂದು ಗೊತ್ತಾಗುತ್ತದೆ. ಯಾಕೆ ಹೀಗೆ ಎಂದು ಹೊಸಬರು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರೋ ಕಮಾಂಡರು ಪಂಡಿತರಿದ್ದರಂತೆ, ಏಳು ಅಪಶಕುನವಂತೆ. ಎಲ್ಲ ಸುಳ್ಳು. ನಿಜ ಗೊತ್ತಿರುವವನು ನಾನು.

ಇಪ್ಪತ್ತೆರಡು ವರ್ಷದ ಹಿಂದೆ, ಮೂವತ್ತೊಂದನೆಯ ತಂಡ. ಆಗ ಕೈಪಿಡಿಯಲ್ಲಿ ಪೈಲಟ್‌ಗೆ ಹೇಳಲು ಐದೇ ಮಾತಿದ್ದವು: ಮುಂದೆ, ಹಿಂದೆ, ನಿಲ್ಲು, ಏಳು, ಇಳಿ. ಮರಗಳ ನಡುವಿನ ಸಣ್ಣ ಬಯಲು. ನಾನು ಪೈಲಟ್. ಬಾಗಿಲಲ್ಲಿ ಕೊಕ್ಕೆ, ಆಗ ಇಪ್ಪತ್ತಮೂರರ ಹುಡುಗ. ತಂತಿಹಗ್ಗದ ತುದಿಯಲ್ಲಿ ಅವನದೇ ತಂಡದ ಇನ್ನೊಬ್ಬ. ಕೆಳಗಿದ್ದವನ ಕಾಲಿಗೂ ನೆಲಕ್ಕೂ ಎಷ್ಟು ಮೀಟರು ಎಂದು ಎಣಿಸುತ್ತ ಬರಬೇಕು. ಹತ್ತು, ಒಂಬತ್ತು, ಎಂಟು ಎಂದ. ಆಮೇಲೆ ಹೆದರಿ "ಏಳು" ಎಂದು ಕೂಗಿದ. ಬಾಗಿಲಿನವನು ಏಳು ಎಂದರೆ ಪೈಲಟ್ ಯೋಚಿಸಬಾರದು, ಏಳಬೇಕು. ನಾನು ಯಂತ್ರವನ್ನು ಎತ್ತಿದೆ. ಕೆಳಗಿದ್ದವನು ತೂಗಿಹೋಗಿ ಮರಕ್ಕೆ ಬಡಿದ. ಕಾಲು ಎರಡು ಕಡೆ ಮುರಿಯಿತು.

ವಿಚಾರಣೆಯಲ್ಲಿ ಕೊಕ್ಕೆ ಏನೋ ಗೊಣಗಿದ. ಗಾಬರಿಯಲ್ಲಿ ತಪ್ಪು ಆಜ್ಞೆ ಕೊಟ್ಟನೆಂದು ಅವನನ್ನು ಹಾರಾಟದಿಂದ ತೆಗೆದು ಪಟ್ಟಿ ಕೋಣೆಗೆ ಹಾಕಿದರು. ಕಾಲು ಮುರಿದವನು ಗುಣವಾಗಿ ಬಂದು ತರಬೇತಿ ಮುಗಿಸಿದ. ಸಭಾಂಗಣದ ಹಲಗೆಯ ಮೇಲೆ ಪ್ರತಿ ತಂಡದ ಹೆಸರುಗಳಿವೆ. ಮೂವತ್ತೊಂದರಲ್ಲಿ ಹನ್ನೊಂದು ಹೆಸರು, ಕೆಳಗೆ ಒಂದು ಹೆಸರಿನಷ್ಟು ಜಾಗ ಖಾಲಿ. ಮುಂದೆ ಗೊಂದಲ ಬೇಡವೆಂದು ಎಣಿಕೆಯ ಏಳನ್ನು ಸಪ್ತ ಮಾಡಿದರು. ಇಷ್ಟೇ. ಅರ್ಧ ಪುಟದಲ್ಲಿ ಮುಗಿಯುತ್ತದೆ.

ಮಾರ್ಚ್ ೧೨, ಬುಧವಾರ

ಗುಮಾಸ್ತೆ ಟೈಪ್ ಮಾಡಿ ತಂದಳು. ಇಡೀ ಪುಟದಲ್ಲಿ ಸಪ್ತ ಎಂಬಲ್ಲೆಲ್ಲ ಸತ್ತ ಎಂದಿದೆ. ಎಂಟು, ಸತ್ತ, ಆರು. ತಲೆಬರಹ: ಸತ್ತದ ಕಥೆ. ನಾನು ಕೂಗಾಡಿದೆ. ನನ್ನ ಕೈಬರಹವನ್ನು ದೇವರೇ ಓದಬೇಕೆಂದು ಅವಳು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮಾರ್ಚ್ ೧೫, ಶನಿವಾರ

ಅಕ್ಕ ಡ್ರಾಯರ್ ತೆಗೆದು ನೋಡಿಬಿಟ್ಟಿದ್ದಾಳೆ. ಯಂತ್ರ ಹಾಕದಿದ್ದರೆ ಹಾಳಾಗಿ ಹೋಗು, ಹನಿಯಾದರೂ ಬಿಡಿಸಿಕೋ ಎಂದು ಸೋಫಾದ ಮೇಲೆ ಮಲಗಿಸಿದಳು. ಹತ್ತು ಹನಿ, ಒಂದೊಂದಾಗಿ. ತಣ್ಣಗಿನ ಹನಿ ಕಿವಿಯೊಳಗೆ ಹರಿದರೆ ಮೈಯೆಲ್ಲ ಮುದುಡುತ್ತದೆ. ಯಾವಾಗ ಮುಗಿಯುತ್ತದೋ ಎಂದು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಅವಳು ಏಳು ಎಂದಳು. ಎದ್ದು ಕೂತೆ. ಬಾಟಲಿ ಉರುಳಿ ಔಷಧವೆಲ್ಲ ಕುತ್ತಿಗೆಯಿಂದ ಬೆನ್ನಿಗಿಳಿಯಿತು, ಅಂಗಿ ಹಾಳಾಯಿತು.

"ಎಣಿಸ್ತಾ ಇದ್ದೆ ಕಣೋ. ಏಳೋಕೆ ಯಾರು ಹೇಳಿದ್ರು ನಿನಗೆ?"

ನೀನೇ ಹೇಳಿದೆ ಎಂದೆ.

"ಐದು, ಆರು ಅಂದಮೇಲೆ ಇನ್ನೇನು ಅಂತಾರೆ? ಎದ್ದು ಓಡಬೇಕು ಅಂತ ನಿನಗೇ ಇತ್ತು. ಅದಕ್ಕೇ ಹಾಗೆ ಕೇಳಿಸಿದೆ."

ಐದು ಆರು ಎಂದದ್ದು ನನಗೆ ಕೇಳಿಸಿತ್ತು. ಕೇಳಿಸಿತ್ತು, ಆದರೂ ಎದ್ದೆ. ಹೊಸ ಬಾಟಲಿ ನಾನೇ ಹೋಗಿ ತರಬೇಕಂತೆ.

ಮಾರ್ಚ್ ೧೬, ಭಾನುವಾರ

ಏನೂ ಬರೆಯುವುದಿಲ್ಲ. ಅವತ್ತು ಆ ಬಯಲಿನಲ್ಲಿ ಗಾಳಿ ಇತ್ತು ಎಂಬುದು ಮಾತ್ರ ನೆನಪಿಗೆ ಬಂತು. ಬಾಲದ ರೆಕ್ಕೆ ಕೊಂಬೆಗೆ ತಗಲುತ್ತದೆಯೆಂದು ನನಗೆ ಭಯವಿತ್ತು. ಅದನ್ನು ನಾನು ವಿಚಾರಣೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಮಾರ್ಚ್ ೧೭, ಸೋಮವಾರ

ಐದನೆಯ ಪೆಟ್ಟಿಗೆಯ ತಳದಲ್ಲಿ ಮೂವತ್ತೊಂದನೆಯ ತಂಡದ ಪ್ರಗತಿ ಪುಸ್ತಕವಿತ್ತು. ಪ್ರತಿ ಹಾರಾಟದ ನಂತರ ವಿದ್ಯಾರ್ಥಿಯ ಬಗ್ಗೆ ಪೈಲಟ್ ಎರಡು ಸಾಲು ಬರೆಯಬೇಕು. ಅಪಘಾತದ ಹಿಂದಿನ ದಿನದ ಪುಟ ನನ್ನದೇ ಕೈಬರಹ. ಗುಮಾಸ್ತೆ ಹೇಳಿದ್ದು ಸುಳ್ಳಲ್ಲ, ಓದಲು ಕಷ್ಟವಾಯಿತು. ಆದರೆ ಓದಿದೆ. ಇಲ್ಲಿ ಇದ್ದ ಹಾಗೇ ಇಳಿಸುತ್ತೇನೆ.

"ಕಣ್ಣು ಚುರುಕು, ಎಣಿಕೆ ಶುದ್ಧ. ಒಂದೇ ದೋಷ: ಬಹುವಚನ ಬಿಡುವುದಿಲ್ಲ. ನಿಲ್ಲು ಎನ್ನುವ ಬದಲು ನಿಲ್ಲಿ ಸರ್, ಇಳಿ ಎನ್ನುವ ಬದಲು ಇಳೀರಿ ಸರ್, ಏಳು ಎನ್ನುವ ಬದಲು ಏಳಿ ಸರ್. ಸಮಯ ಹಾಳು. ಹತ್ತು ಸಲ ಬೈದರೂ ಬಾಯಿ ತಿರುಗುವುದಿಲ್ಲ. ನಾಳೆಯೂ ಹೀಗೇ ಆದರೆ ದಂಡ."

ಬೈದರೂ ಬಾಯಿ ತಿರುಗದವನು ಮರುದಿನ ನನಗೆ ಏಕವಚನದಲ್ಲಿ ಏಳು ಎನ್ನಲು ಹೇಗೆ ಸಾಧ್ಯ? ಬೆಕ್ಕಿಗೇ ಏಳಿ ಎನ್ನುವ ಮನುಷ್ಯ. ಹೆದರಿದಾಗಲಂತೂ ಅಭ್ಯಾಸದ ಮಾತೇ ಬಾಯಿಗೆ ಬರುವುದು. ಅವನು ಎಣಿಸುತ್ತಿದ್ದ. ಹತ್ತು, ಒಂಬತ್ತು, ಎಂಟು, ಏಳು. ನಾನು ಹೆದರಿದ್ದೆ. ಅಲ್ಲಿಂದ ಎದ್ದು ಹೋಗಬೇಕೆಂದು ನನಗಿತ್ತು.

ಇದನ್ನು ಬರೆದವನೂ ನಾನೇ, ಮರುದಿನ ಮರೆತವನೂ ನಾನೇ. ನಾಚಿಕೆಯಾಗುತ್ತಿದೆ. ಇದಕ್ಕೆ ಇನ್ನು ಯಾರನ್ನು ಬೈಯಲಿ?

ಮಾರ್ಚ್ ೧೮, ಮಂಗಳವಾರ

ಆಫೀಸಿಗೆ ಹೋಗಲಿಲ್ಲ. ಜ್ವರ ಎಂದೆ. ಜ್ವರ ಇರಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿ ಅಡುಗೆಮನೆಗೆ ಹೋದಳು.

ಮಾರ್ಚ್ ೨೦, ಗುರುವಾರ

ಪಟ್ಟಿ ಕೋಣೆಗೆ ಹೋದೆ. ಆ ದರಿದ್ರ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡೇ ಹೋದೆ. ಗೊಣಗಿದ ಎಂದು ಆಮೇಲೆ ಹೇಳುವ ಹಾಗಿರಬಾರದು. ಹಾಕಿಕೊಂಡರೆ ಲೋಕವೆಲ್ಲ ಸದ್ದು. ಪಟ್ಟಿಗಳ ಬಕಲು ಒಂದಕ್ಕೊಂದು ತಾಗುವುದು, ಬೆಕ್ಕು ಮೈ ನೆಕ್ಕಿಕೊಳ್ಳುವುದು ಕೂಡ ಕೇಳಿಸುತ್ತದೆ.

ಕೊಕ್ಕೆ ಬನ್ನಿ ಸರ್ ಎಂದ. ಪ್ರಗತಿ ಪುಸ್ತಕದ ಆ ಪುಟ ತೆರೆದು ಅವನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಎರಡು ಸಲ ಓದಿದನೆಂದು ಕಾಣುತ್ತದೆ.

"ನೀನು ಎಣಿಸ್ತಿದ್ದೆ ಅಲ್ವಾ?" ಎಂದೆ.

"ಹೌದು ಸರ್."

"ವಿಚಾರಣೇಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಮೂರು ಸಲ ಹೇಳಿದೆ ಸರ್, ಎಣಿಸ್ತಿದ್ದೆ ಅಂತ. ನೀವು ಪಕ್ಕದ ಕುರ್ಚೀಲೇ ಕೂತಿದ್ರಿ."

ಆಗ ನನ್ನ ಕಿವಿ ಚೆನ್ನಾಗಿಯೇ ಇತ್ತು.

ತಪ್ಪು ನನ್ನದು ಎಂದೆ. ಅವರು ಏನಾದರೂ ಅನ್ನುತ್ತಾರೆ, ಬೈಯುತ್ತಾರೆ, ಅಥವಾ ಇರಲಿ ಬಿಡಿ ಸರ್ ಎನ್ನುತ್ತಾರೆ ಎಂದುಕೊಂಡಿದ್ದೆ. ಇರಲಿ ಬಿಡಿ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಹಾಗೆ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಬರೆದುಕೊಡ್ತೀರಾ ಸರ್? ಹಲಗೇಲಿ ಅಪ್ಪನ ಹೆಸರೆಲ್ಲಿ ಅಂತ ಮಗಳು ಚಿಕ್ಕವಳಿದ್ದಾಗ ಕೇಳಿದ್ಲು. ಬಣ್ಣ ಮುಗಿದುಹೋಗಿತ್ತು ಅಂದಿದ್ದೆ. ಈಗ ಅವಳು ಕೇಳೋದೂ ಬಿಟ್ಟಿದಾಳೆ."

ಬರೆದುಕೊಡುತ್ತೇನೆ ಎಂದೆ. ಆಮೇಲೆ ಟೀ ತರಿಸಿದರು. ಇಬ್ಬರೂ ಕೂತು ಕುಡಿದೆವು.

ಮಾರ್ಚ್ ೨೧, ಶುಕ್ರವಾರ

ಹೇಳಿಕೆ ಬರೆದು, ಈ ಸಲ ಅಕ್ಷರ ಬಿಡಿಬಿಡಿಯಾಗಿ ಬರೆದು, ಕಮಾಂಡರಿನ ಮೇಜಿನ ಮೇಲಿಟ್ಟೆ. ಓದಿ ಹಣೆ ಒತ್ತಿಕೊಂಡ.

"ಸರ್, ಇಪ್ಪತ್ತೆರಡು ವರ್ಷದ ಹಿಂದಿನದು. ಸಮಾರಂಭ ಒಂದು ಮುಗೀಲಿ, ನೋಡೋಣ. ನಿಮಗೆ ಫಲಕ ಕೊಡೋ ಹೊತ್ತಲ್ಲಿ ನೀವೇ ಹೀಗೆ ಬರೆದುಕೊಟ್ರೆ ನಾನೇನು ಮಾಡ್ಲಿ?"

ಫಲಕ ಬೇಡ, ಹಲಗೆಯ ಮೇಲೆ ಹೆಸರು ಬೇಕು ಎಂದೆ. ಸಮಾರಂಭ ಮುಗಿದ ಮೇಲೆ ನೋಡಿದರೆ ಆ ಮನುಷ್ಯರು ಗಂಟುಮೂಟೆ ಕಟ್ಟಿ ಹೋಗಿರುತ್ತಾರೆ ಎಂದೆ. ಹೆಸರಿಲ್ಲದಿದ್ದರೆ ಪುಸ್ತಿಕೆಯೂ ಇಲ್ಲ, ನಲವತ್ತು ಖಾಲಿ ಹಾಳೆ ಹಂಚಿಕೋ ಎಂದೂ ಹೇಳಿದೆ. ವಿಚಾರಣೆಯ ತೀರ್ಪು ಬದಲಾಗಲು ಮೇಲಿನ ಕಚೇರಿಗೆ ಹೋಗಬೇಕು, ಒಂದು ವರ್ಷ ಹಿಡಿಯುತ್ತದೆ ಎಂದು ಅವನು ವಿವರಿಸಿದ. ಇವನೂ ಗೊಣಗುತ್ತಾನೆಂದು ಇಷ್ಟು ದಿನ ಅಂದುಕೊಂಡಿದ್ದೆ, ಸ್ಪಷ್ಟವಾಗಿಯೇ ಮಾತಾಡುತ್ತಾನೆ. ಹಲಗೆ ಯಾರ ಅಧಿಕಾರ ಎಂದು ಕೇಳಿದೆ. ತನ್ನದೇ ಎಂದು ಒಪ್ಪಿಕೊಂಡ.

ಹೊರಡುವ ಮುಂಚೆ, ನಾನು ಕೇಳಿದ್ದೇನು, ತಿರುಗಿ ಹೇಳು ಎಂದೆ. ಹಾರಾಟದಲ್ಲಿ ಕೇಳಿದ್ದನ್ನು ತಿರುಗಿ ಹೇಳಿಸುವುದು ನಮ್ಮ ಪದ್ಧತಿ. ಅವನಿಗೆ ಕಲಿಸಿದವನು ನಾನು. ಎದ್ದು ನಿಂತು, ಒಂದು ಮಾತು ಬಿಡದೆ ಹೇಳಿದ.

ಮಾರ್ಚ್ ೨೫, ಮಂಗಳವಾರ

ಪೇಂಟರ್ ಬಂದಿದ್ದಾನೆ. ಹಳೆಯ ಬಿಳಿಗೂ ಹೊಸ ಬಿಳಿಗೂ ಹೊಂದುವುದಿಲ್ಲವೆಂದು ತಕರಾರು. ಹೊಂದದಿದ್ದರೆ ಬೇಡ, ಎದ್ದು ಕಾಣಲಿ ಎಂದೆ.

ಸಪ್ತದ ಪುಟ ಹೊಸದಾಗಿ ಬರೆದೆ. ಅರ್ಧ ಪುಟದ್ದು ಮೂರು ಪುಟವಾಯಿತು. ನಲವತ್ತು ಪುಟ ಮೀರುತ್ತದೆ, ಬಸ್ಸಿನ ಕಥೆ ಕುಯ್ಯಬೇಕೆಂದು ಗುಮಾಸ್ತೆ ಹೇಳಿದಳು. ಅದನ್ನು ಉಳಿಸಿ, ಪುಸ್ತಿಕೆಯಲ್ಲಿದ್ದ ನನ್ನ ಫೋಟೊಗಳನ್ನು ಕುಯ್ಯಿಸಿದೆ. ಒಟ್ಟು ಏಳುನೂರ ನಾಲ್ಕು ಜನ ಇಲ್ಲಿ ಬಾಗಿಲಿನವರಾಗಿ ಹೋಗಿದ್ದಾರೆ ಎಂದು ಲೆಕ್ಕ ಹಾಕಿದ್ದೆ, ಅದನ್ನು ಏಳುನೂರ ಐದು ಎಂದು ತಿದ್ದಿದೆ. ಸಪ್ತನೂರ ಎಂದು ಬರೆಯಲೇ ಎಂದು ಅವಳು ಕೇಳಿದಳು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಅಕ್ಕ ಅಡುಗೆಮನೆಯಿಂದ ಹಾಡುತ್ತಿದ್ದಳು. ಇವಳು ಹಾಡುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಶ್ರುತಿ ಇಲ್ಲ. ಯಂತ್ರ ತೆಗೆಯಬಹುದಿತ್ತು, ತೆಗೆಯಲಿಲ್ಲ.

ಮಾರ್ಚ್ ೩೧, ಸೋಮವಾರ

ಮೈಕು ಕೀ ಎಂದಿತು, ಹೂಗುಚ್ಛ ತಡವಾಗಿ ಬಂತು, ಮುಖ್ಯ ಅತಿಥಿ ನಮ್ಮನ್ನು ಪೈಲಟ್ ತರಬೇತಿ ಶಾಲೆ ಎಂದು ಎರಡು ಸಲ ಹೊಗಳಿದರು. ಎದ್ದು ಹೋಗೋಣವೆನ್ನಿಸಿತು. ಅಕ್ಕ ತೋಳು ಹಿಡಿದು ಕೂರಿಸಿದಳು. ಫಲಕದ ಮಾತು ಯಾರೂ ಎತ್ತಲಿಲ್ಲ. ಅದನ್ನಿಡಲು ಮನೆಯಲ್ಲಿ ಜಾಗವೂ ಇರಲಿಲ್ಲ.

ಆಮೇಲೆ ತಂಡಗಳ ಹೆಸರು ಓದಲು ಶುರುವಾಯಿತು. ಹೆಸರು ಓದಿದಾಗ, ಬಂದವರು ನಿಲ್ಲಬೇಕು. ಮೊದಲ ತಂಡದ ಆರು ಜನರಲ್ಲಿ ಒಬ್ಬರೇ ಬಂದಿದ್ದರು, ಕೋಲು ಊರಿಕೊಂಡು ನಿಂತರು. ನನ್ನ ಎಡಕ್ಕೆ ಅಕ್ಕ. ಬಲಕ್ಕೆ ಪಟ್ಟಿ ಕೋಣೆಯವರು, ಇಸ್ತ್ರಿ ಮಾಡಿದ ಸಮವಸ್ತ್ರ. ಅವರ ಆಚೆ ಅವರ ಮಗಳು. ಹಲಗೆಯ ಮೇಲಿನ ಆ ಒಂದು ಹೆಸರು ಉಳಿದವುಗಳಿಗಿಂತ ಬಿಳಿಯಾಗಿ ದೂರದಿಂದಲೇ ಕಾಣುತ್ತಿತ್ತು. ಮಗಳು ಅದನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಮೂವತ್ತೊಂದನೆಯ ತಂಡ. ಒಂದು, ಎರಡು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಸಪ್ತ ದಾಟಿತು. ಹನ್ನೊಂದು. ಹನ್ನೆರಡನೆಯದಾಗಿ ಅವರ ಹೆಸರು ಓದಿದರು. ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಅವರು ಮಾತ್ರ ಕೂತೇ ಇದ್ದರು, ಎರಡೂ ಕೈಯಿಂದ ಟೋಪಿ ಹಿಡಿದುಕೊಂಡು, ಇನ್ನಾರನ್ನೋ ಕರೆದ ಹಾಗೆ. ಸಭೆಯಲ್ಲಿ ಎಲ್ಲರೂ ತಿರುಗಿ ನೋಡತೊಡಗಿದರು.

ನಾನು ಬಗ್ಗಿ ಅವರ ಕಿವಿಯ ಹತ್ತಿರ, "ಏಳಿ," ಎಂದೆ.

ಎದ್ದರು.